ಎರಡು ಪ್ರೊಸೆಸರ್, ನಡುವೆ ಒಂದು ತಂತಿ: ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನಿಂತುಹೋದ ಬೋರ್ಡಿನ ಪ್ರಕರಣ

ಈ ಪ್ರಕರಣದಲ್ಲಿ ಯಾವ ಚಿಪ್ಪೂ ಕೆಟ್ಟಿರಲಿಲ್ಲ. ಬೋರ್ಡಿನ ಮೇಲಿದ್ದ ಎರಡು ಪ್ರೊಸೆಸರುಗಳೂ ಡೇಟಾಶೀಟಿನಲ್ಲಿ ಬರೆದ ಹಾಗೇ ನಡೆದುಕೊಂಡವು. ಆದರೂ ಬೋರ್ಡಿನ ಅರ್ಧ ಭಾಗ ಆಗಾಗ ಸತ್ತುಬಿಡುತ್ತಿತ್ತು. ಇಂಥ ಬೋರ್ಡ್ ಮಾಡುವವರು ಒಂದೊಂದು ಚಿಪ್ಪನ್ನೂ ಚೆನ್ನಾಗಿ ಓದಿರುತ್ತಾರೆ. ಒಂದು ಚಿಪ್ ರೀಸೆಟ್ ಆಗುವ, ಅಂದರೆ ಮೊದಲಿನಿಂದ ಶುರುವಾಗುವ, ಹೊತ್ತಿಗೆ ಇನ್ನೊಂದು ಏನು ಮಾಡುತ್ತಿರುತ್ತದೆ ಅನ್ನುವುದನ್ನು ಬರೆದಿಡುವವರು ಕಡಿಮೆ. ಇಡೀ ತೊಂದರೆ ಅಲ್ಲೇ ಇತ್ತು.

ಬೋರ್ಡ್ ಮಾಡಿದವರು ಉಡುಪಿಯ ಇಬ್ಬರು ಯುವ ಎಂಜಿನಿಯರುಗಳು. ಹಾರ್ಡ್‌ವೇರ್ ಆಕೆಯದು, ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಆತನದು. ನಾನು ಮಂಗಳೂರಿನಲ್ಲಿ ಬೋರ್ಡ್ ವಿನ್ಯಾಸದ ಕೆಲಸ ಮಾಡುವವನು. ತೊಂದರೆ ಶುರುವಾದ ಮೇಲೆ ಅವರು ನನ್ನನ್ನು ಕರೆದರು. ಬೋರ್ಡಿನ ಮೇಲೆ ಒಂದು ಎಸ್‌ಟಿಎಂ32ಎಫ್103, ಒಂದು ಇಎಸ್‌ಪಿ32 ಮಾಡ್ಯೂಲ್. ಮೊದಲನೆಯದು 72 ಮೆಗಾಹರ್ಟ್ಸಿನ ಕಾರ್ಟೆಕ್ಸ್-ಎಂ3. ಹಳೆಯ ಚಿಪ್, ಆದರೆ ಗಟ್ಟಿ. ಎರಡನೆಯದು 2016ರಲ್ಲಿ ಬಂದ ವೈಫೈ ಚಿಪ್, ಅದರೊಳಗೇ 240 ಮೆಗಾಹರ್ಟ್ಸಿನ ಎರಡು ಕೋರ್‌ಗಳಿವೆ. ಎಲ್ಲಾ ಪಿನ್ನುಗಳನ್ನೂ ಹೊರಗೆ ತಂದ ಡೆವಲಪ್‌ಮೆಂಟ್ ಬೋರ್ಡ್ ಇದು. ಕಲಿಯುವವರಿಗೂ ಆಗಬೇಕು, ಒಂದು ಡಬ್ಬಿಯಲ್ಲಿ ಹಾಕಿ ಕೆಲಸಕ್ಕೂ ಬಿಡಬೇಕು ಅನ್ನುವುದು ಅವರ ಯೋಚನೆ.

ಇಎಸ್‌ಪಿ32ರಲ್ಲೇ ಎರಡು ಕೋರ್ ಇರುವಾಗ ಇನ್ನೊಂದು ಚಿಪ್ ಯಾಕೆ? ಒಂದು ಕೋರಿಗೆ ವೈಫೈ, ಇನ್ನೊಂದಕ್ಕೆ ಕಂಟ್ರೋಲ್ ಕೆಲಸ ಕೊಟ್ಟರೆ ಸಾಕಲ್ವಾ? ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಆದರೆ ಆ ಎರಡು ಕೋರ್‌ಗಳಿಗೆ ಇರುವುದು ಒಂದೇ ವಿದ್ಯುತ್ ಸಪ್ಲೈ, ಒಂದೇ ರೀಸೆಟ್, ಪ್ರೋಗ್ರಾಂ ಇಡುವ ಒಂದೇ ಫ್ಲ್ಯಾಶ್ ಮೆಮೊರಿ. ಫ್ಲ್ಯಾಶಿಗೆ ಏನಾದರೂ ಬರೆಯುವಾಗ ಎರಡೂ ಕೋರ್‌ಗಳ ಕ್ಯಾಶ್ (ಫ್ಲ್ಯಾಶಿನಿಂದ ಕೋಡ್ ಓದುವ ದಾರಿ) ಬಂದ್ ಆಗುತ್ತದೆ. ಒಳಗಿನ ರ‍್ಯಾಮಿನಲ್ಲಿ ಇಟ್ಟ ಕೋಡ್ ಬಿಟ್ಟು ಬೇರೆ ಯಾವುದೂ ಆಗ ಓಡುವುದಿಲ್ಲ. ವೈಫೈ ಕಾರಣಕ್ಕೆ ಚಿಪ್ ರೀಸೆಟ್ ಆದರೆ ಕಂಟ್ರೋಲ್ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಮೋಟರ್ ನಡೆಸುವ ಜಾಗದಲ್ಲಿ ಇದು ಆಗದ ಮಾತು. ಅವರ ಆಯ್ಕೆ ಸರಿಯೇ ಇತ್ತು. ಪ್ರಕರಣದ ಕೊನೆಯವರೆಗೂ ಅದು ಸರಿಯೇ ಆಗಿ ಉಳಿಯಿತು.

ಪ್ಲಾಂಟಿನಲ್ಲಿ ಏನಾಯಿತು

ಮಲ್ಪೆಯ ಬೋಟುಗಳಿಗೆ ಐಸ್ ಇಲ್ಲದೆ ಸಮುದ್ರಕ್ಕೆ ಹೋಗಲು ಆಗುವುದಿಲ್ಲ. ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿಗೆ ಈ ಬೋರ್ಡ್ ಹೋಯಿತು. ಉಪ್ಪುನೀರಿನ ದೊಡ್ಡ ಟ್ಯಾಂಕ್, ಅದರಲ್ಲಿ ಇಳಿಬಿಟ್ಟ ಐಸ್ ಕ್ಯಾನುಗಳು. ಅಮೋನಿಯಾ ಕಂಪ್ರೆಸರ್ ಆ ಉಪ್ಪುನೀರನ್ನು ಸೊನ್ನೆಗಿಂತ 8–10 ಡಿಗ್ರಿ ಕೆಳಗೆ ಇಟ್ಟಿರುತ್ತದೆ, ಅಜಿಟೇಟರ್ ಅದನ್ನು ತಿರುಗಿಸುತ್ತಲೇ ಇರುತ್ತದೆ. ಎಸ್‌ಟಿಎಂ32 ಟ್ಯಾಂಕಿನ ಉಷ್ಣತೆ ನೋಡುತ್ತದೆ, ಮೋಟರ್ ಎಳೆಯುವ ಕರೆಂಟನ್ನು ವೈರಿನ ಸುತ್ತ ಕೂರುವ ಒಂದು ಸಿಟಿ ಕಾಯಿಲ್ ಮೂಲಕ ಅಳೆಯುತ್ತದೆ, ನಾಲ್ಕು ರಿಲೇಗಳ ಮೂಲಕ ಕಾಂಟ್ಯಾಕ್ಟರುಗಳನ್ನು (ಮೋಟರಿನ ದೊಡ್ಡ ಸ್ವಿಚ್ಚುಗಳನ್ನು) ನಡೆಸುತ್ತದೆ, ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ಬರೆಯುತ್ತದೆ. ಇಎಸ್‌ಪಿ32 ಅದರಿಂದ ಲೆಕ್ಕ ತೆಗೆದುಕೊಂಡು ಮಾಲೀಕರ ಮೊಬೈಲಿಗೆ ಕಳಿಸುತ್ತದೆ.

ಇದರ ಮೇಲೆ ಒಂದು ಕಾವಲು ಇತ್ತು. ಇಎಸ್‌ಪಿ32 ಪ್ರತಿ ಸೆಕೆಂಡಿಗೂ 'ಬದುಕಿದ್ದೇನೆ' ಅನ್ನುವ ಒಂದು ಹಾರ್ಟ್‌ಬೀಟ್ ಕಳಿಸಬೇಕು. ಹತ್ತು ಸೆಕೆಂಡ್ ಅದು ಬರದಿದ್ದರೆ ಎಸ್‌ಟಿಎಂ32 ಇಎಸ್‌ಪಿ32ರ ಇಎನ್ ಪಿನ್ನನ್ನು (ಚಿಪ್ಪನ್ನು ಆನ್-ಆಫ್ ಮಾಡುವ ಪಿನ್) ಕೆಳಗೆ, ಸೊನ್ನೆ ವೋಲ್ಟಿಗೆ, ಎಳೆದು ಬಿಡುತ್ತದೆ. ಅಂದರೆ ಬಲವಂತವಾಗಿ ಮತ್ತೆ ಶುರು ಮಾಡಿಸುತ್ತದೆ. ಕಾಗದದ ಮೇಲೆ ಚೆನ್ನಾದ ಏರ್ಪಾಡು.

ಮೊದಲ ಕೆಲವು ವಾರ ಎಲ್ಲಾ ಸರಿಯಾಗಿತ್ತು. ಬೇಸಿಗೆ ಏರುತ್ತಾ ಹೋದ ಹಾಗೆ ಮೊಬೈಲಿಗೆ ಮೆಸೇಜ್ ಬರುವುದು ನಡುನಡುವೆ ನಿಲ್ಲತೊಡಗಿತು. ಒಮ್ಮೆ ನಿಂತರೆ ತಾನಾಗಿ ಮತ್ತೆ ಬರುತ್ತಿರಲಿಲ್ಲ. ಯಾರಾದರೂ ಹೋಗಿ ಪ್ಯಾನೆಲಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದ ಹಾಗೆ ಸರಿಯಾಗುತ್ತಿತ್ತು. ಐಸ್ ಮಾತ್ರ ಒಂದು ಸಲವೂ ಹಾಳಾಗಲಿಲ್ಲ, ಯಾಕೆಂದರೆ ಎಸ್‌ಟಿಎಂ32 ತನ್ನ ಕೆಲಸ ಮಾಡುತ್ತಲೇ ಇತ್ತು.

"ಆಫ್ ಮಾಡಿ ಆನ್ ಮಾಡಿದ್ರೆ ಸರಿ ಆಗ್ತದಲ್ಲ, ಮತ್ತೆಂತ ಅದಕ್ಕೆ?" ಎಂದರು ಮಾಲೀಕರು.

"ಇಲ್ಲ ಅಣ್ಣ, ರಾತ್ರಿ ಅಜಿಟೇಟರ್ ನಿಂತ್ರೆ ನಿಮಗೆ ಗೊತ್ತಾಗುದೇ ಇಲ್ಲ ಅಲ್ವಾ?" ಎಂದಳು ಆಕೆ. ಅವರು ಒಪ್ಪಿದರು.

ತಪ್ಪು ದಾರಿ

ಮೆಮೊರಿ ಕಾರ್ಡಿನ ದಾಖಲೆ ನೋಡಿದರೆ ಒಂದು ವಿಷಯ ಪ್ರತಿಸಲವೂ ಕಾಣುತ್ತಿತ್ತು. ಹಾರ್ಟ್‌ಬೀಟ್ ನಿಲ್ಲುವ ಸ್ವಲ್ಪ ಮೊದಲು ಅಜಿಟೇಟರ್ ಮೋಟರಿನ ಕರೆಂಟ್ ಒಮ್ಮೆಲೇ ಮೇಲೆ ಹಾರಿದೆ. ಪ್ಲಾಂಟಿನ ಎಲೆಕ್ಟ್ರಿಷಿಯನ್ ಅದನ್ನು ನೋಡಿ, "ಬೇರಿಂಗ್ ಹಿಡಿತದೆ ಮಾರಾಯ್ರೆ, ಲೋಡ್ ಜಾಸ್ತಿ ಆಗಿ ವೋಲ್ಟೇಜ್ ಬೀಳ್ತದೆ" ಎಂದರು. ಅನುಭವಸ್ಥರ ಮಾತು, ಕೇಳಲೇಬೇಕು. ಮೋಟರ್ ಬಿಚ್ಚಿ ನೋಡಿದರು. ಬೇರಿಂಗ್ ಸರಿಯಾಗಿತ್ತು. ಕ್ಲ್ಯಾಂಪ್ ಮೀಟರ್ ಹಾಕಿ ಕಾದರೆ ಕರೆಂಟ್ ಹಾರಲೇ ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಬೋರ್ಡಿನ ದಾಖಲೆಯಲ್ಲಿ ಹಾರಿತ್ತು.

ಇಲ್ಲಿ ಎಲೆಕ್ಟ್ರಿಷಿಯನ್ ಅರ್ಧ ಸರಿ ಹೇಳಿದ್ದರು. ವೋಲ್ಟೇಜ್ ಬೀಳುತ್ತಿತ್ತು ನಿಜ, ಆದರೆ ಬಿದ್ದದ್ದು ಬೋರ್ಡಿನೊಳಗಿನ 3.3 ವೋಲ್ಟ್. ಎಸ್‌ಟಿಎಂ32ರ ಎಡಿಸಿ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ಅಳತೆ ಮಾಡುವುದು ತನಗೆ ಸಿಗುವ ಅದೇ ವೋಲ್ಟೇಜಿಗೆ ಹೋಲಿಸಿ. ಹೋಲಿಸುವ ಅಳತೆಗೋಲೇ ಗಿಡ್ಡವಾದರೆ ಅಳೆದದ್ದೆಲ್ಲ ದೊಡ್ಡದಾಗಿ ಕಾಣುತ್ತದೆ. ಮೋಟರಿನ ಕರೆಂಟ್ ಏರಿದ್ದಲ್ಲ, ಬೋರ್ಡಿನ ವಿದ್ಯುತ್ ಇಳಿದದ್ದು. ಈ ಚಿಪ್ಪಿನೊಳಗೆ ಸುಮಾರು 1.2 ವೋಲ್ಟಿನ ಒಂದು ಸ್ಥಿರ ರೆಫರೆನ್ಸ್ ಇದೆ. ಅದನ್ನೂ ಎಡಿಸಿಯಲ್ಲಿ ಓದಿದರೆ ತನ್ನ ಸಪ್ಲೈ ಎಷ್ಟಿದೆ ಎಂದು ಚಿಪ್ಪೇ ಲೆಕ್ಕ ಹಾಕಬಹುದು. ಫರ್ಮ್‌ವೇರಿನಲ್ಲಿ ನಾಲ್ಕು ಸಾಲು ಸೇರಿಸಿದ ಮೇಲೆ ದಾಖಲೆಯಲ್ಲಿ ಸಪ್ಲೈ ಕುಸಿಯುವುದು ನೇರವಾಗಿ ಕಂಡಿತು. ಇಂಥ ಬೋರ್ಡುಗಳಲ್ಲಿ ಇದನ್ನು ಮೊದಲ ದಿನವೇ ಹಾಕಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಂದು ರೂಪಾಯಿಯ ಖರ್ಚೂ ಇಲ್ಲ.

ಲ್ಯಾಪ್‌ಟಾಪ್ ಸಿಕ್ಕಿಸಿದರೆ ಮಾಯ

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ವೋಲ್ಟೇಜ್ ಬಿದ್ದು ಇಎಸ್‌ಪಿ32 ರೀಸೆಟ್ ಆಗುವುದು ಸರಿ. ಮತ್ತೆ ಏಳಬೇಕಲ್ಲ? ಕಾವಲಿಗೆ ಇನ್ನೊಂದು ಚಿಪ್ ಇದೆ, ಅದು ಇಎನ್ ಪಿನ್ ಎಳೆದು ಎಬ್ಬಿಸುತ್ತಲೂ ಇದೆ. ದಾಖಲೆಯಲ್ಲಿ ಹಾಗೆಂದೇ ಬರೆದಿತ್ತು: ಎಳೆದೆ, ಎಳೆದೆ, ಎಳೆದೆ, ಬೆಳಗಿನವರೆಗೂ.

ಲ್ಯಾಪ್‌ಟಾಪ್ ತಂದು ಯುಎಸ್‌ಬಿ ಸಿಕ್ಕಿಸಿ ಸೀರಿಯಲ್ ಮಾನಿಟರ್ ತೆರೆದು ಕೂತರೆ ತೊಂದರೆ ಬರುತ್ತಲೇ ಇರಲಿಲ್ಲ. ಕಾರಣ ಸರಳ. ಯುಎಸ್‌ಬಿಯಿಂದ ಗಟ್ಟಿಯಾದ 5 ವೋಲ್ಟ್ ಬಂದು ಬೋರ್ಡಿಗೆ ಸೇರುತ್ತಿತ್ತು, ವೋಲ್ಟೇಜ್ ಬೀಳಲು ಅವಕಾಶವೇ ಇರಲಿಲ್ಲ. ಕಾಯಿಲೆ ನೋಡಲು ಹೋದವರೇ ಔಷಧಿ ಕೊಟ್ಟು ಬರುತ್ತಿದ್ದರು. ಹಾಗಾಗಿ ಯುಎಸ್‌ಬಿ ಬಿಟ್ಟೆವು. ಬೇರೆ ಒಂದು ಸೀರಿಯಲ್ ಅಡಾಪ್ಟರ್ ತೆಗೆದುಕೊಂಡು ಇಎಸ್‌ಪಿ32ರ ಟಿಎಕ್ಸ್ ತಂತಿ (ಡೇಟಾ ಹೊರಗೆ ಕಳಿಸುವುದು) ಮತ್ತು ಗ್ರೌಂಡ್ ಎರಡನ್ನೇ ಜೋಡಿಸಿ ಕಾದೆವು.

ಇಎಸ್‌ಪಿ32 ಏಳುವಾಗ ಒಂದು ಬೂಟ್ ಸಂಖ್ಯೆ ಮುದ್ರಿಸುತ್ತದೆ. ಆ ಕ್ಷಣ ಕೆಲವು ಪಿನ್ನುಗಳು ಮೇಲಿದ್ದವೋ ಕೆಳಗಿದ್ದವೋ ಅನ್ನುವುದರ ಹೆಕ್ಸ್ (16ರ ಆಧಾರದ) ಲೆಕ್ಕ ಅದು. ಈ ಬೋರ್ಡಿನಲ್ಲಿ ಸರಿಯಾಗಿ ಎದ್ದಾಗ ಅದು 13. ಕೆಟ್ಟ ರಾತ್ರಿ ಬಂದದ್ದು 33, ಅದರ ಕೆಳಗೆ ಫ್ಲ್ಯಾಶ್ ಓದಲು ಆಗುತ್ತಿಲ್ಲ ಅನ್ನುವ ದೂರು, ಮತ್ತೆ ರೀಸೆಟ್, ಮತ್ತೆ 33. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಹೆಕ್ಸ್‌ನಲ್ಲಿ 20, ಅಂದರೆ ಒಂದೇ ಒಂದು ಬಿಟ್. ಆ ಬಿಟ್ ಜಿಪಿಐಓ12 ಪಿನ್ನಿನದು.

ಜಿಪಿಐಓ12 ಒಂದು ಸ್ಟ್ರ್ಯಾಪಿಂಗ್ ಪಿನ್. 0, 2, 5, 15 ಕೂಡ ಅಂಥವೇ. ಚಿಪ್ ಏಳುವ ಕ್ಷಣದಲ್ಲಿ ಈ ಪಿನ್ನುಗಳನ್ನು ನೋಡಿ ಹೇಗೆ ಶುರುವಾಗಬೇಕು ಎಂದು ತೀರ್ಮಾನಿಸುತ್ತದೆ, ಆಮೇಲೆ ಅವು ಸಾಮಾನ್ಯ ಪಿನ್ನುಗಳಾಗುತ್ತವೆ. 12ರ ಕೆಲಸ ಫ್ಲ್ಯಾಶಿಗೆ ಎಷ್ಟು ವೋಲ್ಟ್ ಕೊಡಬೇಕು ಎಂದು ಹೇಳುವುದು. ಕೆಳಗಿದ್ದರೆ 3.3, ಮೇಲಿದ್ದರೆ 1.8. ಮಾಡ್ಯೂಲಿನೊಳಗಿದ್ದದ್ದು 3.3 ವೋಲ್ಟಿನ ಫ್ಲ್ಯಾಶ್. ಅದಕ್ಕೆ 1.8 ಕೊಟ್ಟರೆ ಪ್ರೋಗ್ರಾಂ ಓದಲು ಆಗುವುದಿಲ್ಲ.

ಈ ಬೋರ್ಡಿನಲ್ಲಿ ಜಿಪಿಐಓ12ಕ್ಕೆ ಬಂದು ಸೇರಿದ್ದು ಎಸ್‌ಟಿಎಂ32ರ ಟಿಎಕ್ಸ್ ತಂತಿ. ಯುಆರ್‌ಟಿ (ಚಿಪ್ಪುಗಳು ಮಾತಾಡುವ ಸೀರಿಯಲ್ ದಾರಿ) ತಂತಿ ಸುಮ್ಮನಿರುವಾಗ ಇರುವುದೇ ಮೇಲೆ, 3.3 ವೋಲ್ಟಿನಲ್ಲಿ. ಅಂದರೆ ಎಸ್‌ಟಿಎಂ32 ಎಚ್ಚರವಾಗಿದ್ದು ಇಎಸ್‌ಪಿ32 ಮಾತ್ರ ಹೊಸದಾಗಿ ಏಳಲು ಹೋದರೆ ಪ್ರತಿಸಲವೂ ತಪ್ಪು ವೋಲ್ಟೇಜನ್ನೇ ಆರಿಸಿಕೊಳ್ಳುತ್ತದೆ. ಕಾವಲುಗಾರನೇ ಬಾಗಿಲಿಗೆ ಬೀಗ ಹಾಕಿ ಒಳಗಿದ್ದವರನ್ನು ಕೂಗುತ್ತಿದ್ದ.

ಇಷ್ಟು ದೊಡ್ಡ ತಪ್ಪು ಮೊದಲೇ ಕಾಣಲಿಲ್ಲ ಯಾಕೆ

ಈ ಭಾಗವೇ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು. ಇಬ್ಬರೂ ಬೇಜವಾಬ್ದಾರಿಯಿಂದ ಕೆಲಸ ಮಾಡಿದವರಲ್ಲ. ಪರೀಕ್ಷೆ ಮಾಡಿದ್ದರು. ಪರೀಕ್ಷೆಯ ರೀತಿಯೇ ತಪ್ಪನ್ನು ಮುಚ್ಚಿತ್ತು.

ಸ್ವಿಚ್ ಹಾಕಿದಾಗ ಎರಡೂ ಚಿಪ್ಪಿಗೆ ಒಟ್ಟಿಗೆ ವಿದ್ಯುತ್ ಬರುತ್ತದೆ. ರೀಸೆಟಿನಿಂದ ಏಳುವ ಎಸ್‌ಟಿಎಂ32ರ ಈ ಪಿನ್ ಆರಂಭದಲ್ಲಿ ತೇಲುವ ಇನ್‌ಪುಟ್, ಯಾವ ಕಡೆಗೂ ಎಳೆಯುವುದಿಲ್ಲ. ಜಿಪಿಐಓ12ಕ್ಕೆ ಒಳಗೇ ಒಂದು ಪುಲ್‌ಡೌನ್ ಇದೆ, ಅದು ತಂತಿಯನ್ನು ಕೆಳಗೆ ಹಿಡಿದುಕೊಳ್ಳುತ್ತದೆ. ಫರ್ಮ್‌ವೇರ್ ಮೊದಲು ಉಷ್ಣತೆಯ ಸೆನ್ಸರ್ ಓದುತ್ತಿತ್ತು. ಆ ಸೆನ್ಸರ್, ಡಿಎಸ್18ಬಿ20, ಒಂದು 12 ಬಿಟ್ ಓದಿಗೆ 750 ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಅದಾದ ಮೇಲಷ್ಟೇ ಯುಆರ್‌ಟಿ ತೆರೆಯುತ್ತಿತ್ತು. ಅಷ್ಟರಲ್ಲಿ ಇಎಸ್‌ಪಿ32 ಪಿನ್ ನೋಡಿ, 3.3 ಎಂದು ಬರೆದುಕೊಂಡು, ಎದ್ದಾಗಿರುತ್ತಿತ್ತು. ಫರ್ಮ್‌ವೇರಿನಲ್ಲಿ ಆ ಎರಡು ಸಾಲುಗಳ ಕ್ರಮ ಬೇರೆಯಾಗಿದ್ದರೆ ಬೋರ್ಡ್ ಮೊದಲ ದಿನವೇ ಕೈಕೊಡುತ್ತಿತ್ತು. ಹಾಗಾಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ಇಎಸ್‌ಪಿ32ಗೆ ಪ್ರೋಗ್ರಾಂ ಹಾಕುವಾಗ? ಆಗಲೂ ಇಎನ್ ಪಿನ್ ಎಳೆಯುತ್ತದೆ, ಆಗಲೇ ಕಾಣಬೇಕಿತ್ತು. ಆದರೆ ಪ್ರೋಗ್ರಾಂ ಹಾಕುವ ಹೊತ್ತಿಗೆ ಹಾರ್ಟ್‌ಬೀಟ್ ಇರುವುದಿಲ್ಲ, ಎಸ್‌ಟಿಎಂ32 ನಡುವೆಯೇ ರೀಸೆಟ್ ಕೊಟ್ಟು ಕೆಲಸ ಕೆಡಿಸುತ್ತದೆ ಎಂದು ಆಕೆ ಮೊದಲೇ ಯೋಚಿಸಿದ್ದಳು. ಅದಕ್ಕೊಂದು ಸರ್ವೀಸ್ ಜಂಪರ್ ಇಟ್ಟಿದ್ದಳು. ಜಂಪರ್ ಹಾಕಿದರೆ ಎಸ್‌ಟಿಎಂ32 ರೀಸೆಟಿನಲ್ಲೇ ಇರುತ್ತದೆ, ಅದರ ಟಿಎಕ್ಸ್ ತೇಲುತ್ತಿರುತ್ತದೆ, ಜಿಪಿಐಓ12 ಕೆಳಗೇ ಇರುತ್ತದೆ. ಒಳ್ಳೆಯ ಯೋಚನೆ, ಅದೇ ತಪ್ಪಿಗೆ ಪರದೆಯಾಯಿತು.

ಕಾವಲಿನ ಪರೀಕ್ಷೆ ಆದದ್ದು ಬ್ರೆಡ್‌ಬೋರ್ಡಿನ ಮೇಲೆ, ಎರಡು ಬಿಡಿ ಮಾಡ್ಯೂಲ್ ಇಟ್ಟು. ಅಲ್ಲಿ ಆ ತಂತಿ ಜಿಪಿಐಓ16ರಲ್ಲಿತ್ತು, ಅದಕ್ಕೆ ಯಾವ ತೊಡಕೂ ಇಲ್ಲ. ಪಿಸಿಬಿ ಬಿಡಿಸುವಾಗ 16 ಮಾಡ್ಯೂಲಿನ ಆಚೆ ಬದಿಗೆ ಬಿತ್ತು. ಎಸ್‌ಟಿಎಂ32 ಕೂತದ್ದು ಈಚೆ ಬದಿಗೆ. ಎರಡೇ ಲೇಯರಿನ ಬೋರ್ಡ್, ಕೆಳಗಿನ ಗ್ರೌಂಡನ್ನು ಸೀಳಬಾರದು. ಇಎಸ್‌ಪಿ32ರಲ್ಲಿ ಯುಆರ್‌ಟಿಯನ್ನು ಬಹುತೇಕ ಯಾವ ಪಿನ್ನಿಗೆ ಬೇಕಾದರೂ ತಿರುಗಿಸಬಹುದು. ಹತ್ತಿರದಲ್ಲಿ 12 ಇತ್ತು. ಒಂದು ವಯಾ (ಲೇಯರ್ ದಾಟಿಸುವ ತೂತು) ಕೂಡ ಇಲ್ಲದೆ ನೇರ ಟ್ರ್ಯಾಕ್ ಹೋಯಿತು, ನೋಡಲು ಚೆಂದ. ಪಿನ್ ಬದಲಾದ ಮೇಲೆ ಕಾವಲಿನ ಪರೀಕ್ಷೆಯನ್ನು ಮತ್ತೆ ಯಾರೂ ಮಾಡಲಿಲ್ಲ.

ವೋಲ್ಟೇಜ್ ಬಿದ್ದದ್ದು ಎಲ್ಲಿ

ಪ್ಯಾನೆಲಿನ ಪವರ್ ಸಪ್ಲೈಯಿಂದ ಬೋರ್ಡಿಗೆ 5 ವೋಲ್ಟ್ ಬರುತ್ತಿದ್ದದ್ದು ಸುಮಾರು 5 ಮೀಟರ್ ಉದ್ದದ ತೆಳು ವೈರಿನಲ್ಲಿ. 0.22 ಚದರ ಮಿಲಿಮೀಟರಿನ ತಾಮ್ರ, ಹೋಗಿ ಬರುವ ದಾರಿ 10 ಮೀಟರ್. ಇದಕ್ಕೆ ಸುಮಾರು 0.8 ಓಮ್ ಆಗುತ್ತದೆ. 5 ವೋಲ್ಟಿನ ರಿಲೇ ಒಂದಕ್ಕೆ ಸುಮಾರು 70 ಮಿಲಿಆಂಪಿಯರ್, ನಾಲ್ಕಕ್ಕೆ 280. ಇಎಸ್‌ಪಿ32 ವೈಫೈಯಲ್ಲಿ ಕಳಿಸುವಾಗ 240ರ ಸುತ್ತ ಎಳೆಯುತ್ತದೆ. ಸಪ್ಲೈ 500 ಮಿಲಿಆಂಪಿಯರ್ ಕೊಡುವಂತಿರಬೇಕು ಎಂದು ತಯಾರಕರೇ ಹೇಳುತ್ತಾರೆ. ಉಳಿದದ್ದೂ ಸೇರಿದರೆ 600ರ ಹತ್ತಿರ. ವೈರಿನಲ್ಲೇ ಅರ್ಧ ವೋಲ್ಟ್ ಹೋಯಿತು. ಬೋರ್ಡಿನ ಶಾಟ್ಕಿ ಡಯೋಡಿನಲ್ಲಿ 0.35. 3.3 ವೋಲ್ಟ್ ಮಾಡಿಕೊಡುವ ಎಎಂಎಸ್1117 ರೆಗ್ಯುಲೇಟರಿಗೆ ಒಳಬರುವ, ಹೊರಹೋಗುವ ವೋಲ್ಟೇಜುಗಳ ನಡುವೆ ಒಂದು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಅಂತರ ಬೇಕು. ಕೂಡಿಸಿ ಕಳೆದರೆ 3 ವೋಲ್ಟೇ ಕಷ್ಟ.

ಹಾಗಾದರೆ ಮೊದಲ ವಾರಗಳಲ್ಲಿ ಹೇಗೆ ನಡೆಯಿತು? 3 ವೋಲ್ಟಿನಲ್ಲಿ ಇಎಸ್‌ಪಿ32 ಇನ್ನೂ ಬದುಕಿರುತ್ತದೆ. ಅದರ ಬ್ರೌನ್‌ಔಟ್ ಮಟ್ಟ, ಅಂದರೆ ವೋಲ್ಟೇಜ್ ಸಾಲದೆ ರೀಸೆಟ್ ಆಗುವ ಮಟ್ಟ, ಇರುವುದು 2.4ರ ಹತ್ತಿರ. ಆದರೆ ಮಲ್ಪೆಯ ಗಾಳಿಯಲ್ಲಿ ಉಪ್ಪಿದೆ. ಐಸ್ ಪ್ಲಾಂಟಿನೊಳಗೆ ಯಾವಾಗಲೂ ತೇವ. ಜೊತೆಗೆ ಅಮೋನಿಯಾ ಸ್ವಲ್ಪ ಸೋರಿದರೂ, ತೇವದ ಜೊತೆ ಸೇರಿ ಅದು ತಾಮ್ರವನ್ನು ತಿನ್ನುತ್ತದೆ. ಆ ಪ್ಲಾಂಟುಗಳ ಪೈಪುಗಳು ಉಕ್ಕಿನವಾಗಿರುವುದು ಅದಕ್ಕೇ. ಸ್ಕ್ರೂ ಟರ್ಮಿನಲ್ ಬಿಚ್ಚಿದಾಗ ವೈರಿನ ತುದಿ ಹಸಿರು ಕಟ್ಟಿತ್ತು. ಹಿಡಿತದ ಜಾಗದಲ್ಲಿ ಇನ್ನೊಂದು ಓಮ್ ಸೇರಿದರೆ ಸಾಕು, 3.3ರ ಬದಲು 2.4 ಆಗಿಬಿಡುತ್ತದೆ. ಬೋರ್ಡ್ ಕಬ್ಬಿಣದ ಪ್ಯಾನೆಲಿನೊಳಗೆ ಇದ್ದದ್ದರಿಂದ ವೈಫೈ ಸಿಗ್ನಲ್ಲೂ ದುರ್ಬಲ. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕು, ಕರೆಂಟ್ ಮತ್ತೆ ಮತ್ತೆ ಎಳೆಯಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಎಸ್‌ಟಿಎಂ32ಎಫ್103 2 ವೋಲ್ಟಿನವರೆಗೂ ನಡೆಯುತ್ತದೆ. ಎರಡಕ್ಕೂ ಒಂದೇ ರೆಗ್ಯುಲೇಟರ್. ವೋಲ್ಟೇಜ್ ಬಿದ್ದಾಗ ಒಂದು ಚಿಪ್ ಬಿದ್ದಿತು, ಇನ್ನೊಂದು ನಿಂತೇ ಇತ್ತು, ಅದರ ಟಿಎಕ್ಸ್ ಮೇಲೆಯೇ ಇತ್ತು. ಬ್ರೌನ್‌ಔಟ್ ಆದ ಇಎಸ್‌ಪಿ32 ಮೊದಲು ಸಾಫ್ಟ್‌ವೇರ್ ರೀಸೆಟಿನಿಂದ ತಾನೇ ಏಳಲು ನೋಡುತ್ತಿತ್ತು. ಆ ರೀಸೆಟಿನಲ್ಲಿ ಸ್ಟ್ರ್ಯಾಪಿಂಗ್ ಪಿನ್ನುಗಳನ್ನು ಹೊಸದಾಗಿ ನೋಡುವುದಿಲ್ಲ, ಹಾಗಾಗಿ ಕೆಲವು ಸಲ ಬದುಕಿಕೊಂಡಿತು. ವೈಫೈ ಶುರುವಾಗುವಾಗ ಮತ್ತೆ ಕರೆಂಟ್ ಎಳೆದು ಮತ್ತೆ ಬಿದ್ದು, ಹತ್ತು ಸೆಕೆಂಡ್ ದಾಟಿದರೆ ಕಾವಲಿನವನು ಇಎನ್ ಎಳೆಯುತ್ತಿದ್ದ. ಅಲ್ಲಿಗೆ ಮುಗಿಯಿತು.

ಸರಿ ಮಾಡಿದ್ದು

ಪ್ಲಾಂಟಿನಲ್ಲಿದ್ದ ಬೋರ್ಡಿಗೆ ಫರ್ಮ್‌ವೇರಿನಲ್ಲೇ ಪರಿಹಾರ ಸಿಕ್ಕಿತು. ಇಎನ್ ಎಳೆಯುವ ಮೊದಲು ಎಸ್‌ಟಿಎಂ32 ತನ್ನ ಟಿಎಕ್ಸ್ ಪಿನ್ನನ್ನು ಇನ್‌ಪುಟ್ ಮಾಡಿ ಕೈಬಿಡುತ್ತದೆ. ಇಎನ್ ಬಿಟ್ಟ ಮೇಲೆ ಒಂದು ಸೆಕೆಂಡ್ ಕಾದು ಯುಆರ್‌ಟಿ ಮತ್ತೆ ತೆರೆಯುತ್ತದೆ. ದಪ್ಪ ವೈರ್ ಹಾಕಿ, ತುದಿಗೆ ಲಗ್ ಒತ್ತಿಸಿದರು. ಅಂದಿನಿಂದ ಆ ಬೋರ್ಡ್ ನಿಂತಿಲ್ಲ.

ಇಎಸ್‌ಪಿ32ರಲ್ಲಿ ಇನ್ನೊಂದು ದಾರಿಯೂ ಇದೆ. ಚಿಪ್ಪಿನೊಳಗಿನ ಈಫ್ಯೂಸ್ (ಒಮ್ಮೆ ಮಾತ್ರ ಬರೆಯಬಹುದಾದ ಬಿಟ್) ಸುಟ್ಟು ಫ್ಲ್ಯಾಶ್ ವೋಲ್ಟೇಜನ್ನು ಶಾಶ್ವತವಾಗಿ 3.3 ಎಂದು ಬರೆದುಬಿಡಬಹುದು. ಆಮೇಲೆ ಜಿಪಿಐಓ12 ಏನೇ ಹೇಳಿದರೂ ಚಿಪ್ ಕೇಳುವುದಿಲ್ಲ. ಆತ ಅದನ್ನೇ ಮಾಡೋಣ ಎಂದ. ನಾನು ಬೇಡ ಎಂದೆ. ಡೆವಲಪ್‌ಮೆಂಟ್ ಬೋರ್ಡಿನಲ್ಲಿ ನಾಳೆ ಯಾರೋ ಮಾಡ್ಯೂಲ್ ಬದಲಿಸುತ್ತಾರೆ. ಹೊಸ ಮಾಡ್ಯೂಲಿನ ಈಫ್ಯೂಸ್ ಸುಟ್ಟಿರುವುದಿಲ್ಲ, ಸ್ಕೀಮ್ಯಾಟಿಕ್ ನೋಡಿದವರಿಗೆ ಇದು ಗೊತ್ತಾಗುವುದೂ ಇಲ್ಲ. ತಂತಿಯ ತಪ್ಪನ್ನು ತಂತಿಯಲ್ಲೇ ಸರಿ ಮಾಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಪ್ಲಾಂಟಿಗೂ ಬಿಡುವು. ಆ ಹೊತ್ತಿನಲ್ಲಿ ಎರಡನೇ ಆವೃತ್ತಿ ಬಂತು. ಎಸ್‌ಟಿಎಂ32ರ ಟಿಎಕ್ಸ್ ಈಗ ಜಿಪಿಐಓ35ಕ್ಕೆ ಹೋಗುತ್ತದೆ. ಅದು ಬರೀ ಇನ್‌ಪುಟ್ ಆಗುವ ಪಿನ್, ಸ್ಟ್ರ್ಯಾಪಿಂಗ್ ಅಲ್ಲ, ಮಾಡ್ಯೂಲಿನ ಅದೇ ಬದಿಯಲ್ಲೇ ಇದೆ. ಟ್ರ್ಯಾಕ್ ಮೊದಲಿನಷ್ಟೇ ನೇರ. ಅದಕ್ಕೆ ಒಳಗೆ ಪುಲ್‌ಅಪ್ (ತಂತಿಯನ್ನು ಮೇಲೆ ಹಿಡಿಯುವ ರೆಸಿಸ್ಟರ್) ಇಲ್ಲದ್ದರಿಂದ ಹೊರಗೆ 10 ಕಿಲೋಓಮ್ ಹಾಕಿದರು. ಬೋರ್ಡಿಗೆ ಈಗ 12 ವೋಲ್ಟ್ ಬರುತ್ತದೆ. ರಿಲೇಗಳೂ 12 ವೋಲ್ಟಿನವು, ಒಂದೊಂದಕ್ಕೆ 30 ಮಿಲಿಆಂಪಿಯರ್ ಸಾಕು. ಎಲ್ಲಾ ಸೇರಿ 300ರ ಒಳಗೇ. ಹಳೆಯ ತೆಳು ವೈರಿನಲ್ಲೇ ತಂದರೂ ಕಾಲು ವೋಲ್ಟ್ ಹೋಗುತ್ತದೆ, 12ರಲ್ಲಿ ಅದು ಲೆಕ್ಕಕ್ಕಿಲ್ಲ. ಇಎಸ್‌ಪಿ32ಗೆ ವೋಲ್ಟೇಜ್ ಇಳಿಸುವ ಸ್ವಂತ ಬಕ್ ಕನ್ವರ್ಟರ್, ಎಸ್‌ಟಿಎಂ32ಗೆ ಬೇರೆ ಚಿಕ್ಕ ರೆಗ್ಯುಲೇಟರ್. ಆಂಟೆನಾ ಪ್ಯಾನೆಲಿನ ಹೊರಗೆ. ಬೋರ್ಡಿಗೆ ತೇವ ತಡೆಯುವ ಕಾನ್ಫಾರ್ಮಲ್ ಕೋಟಿಂಗ್, ಕನೆಕ್ಟರುಗಳನ್ನು ಬಿಟ್ಟು.

ನಾನು ಅವರಿಂದ ಒಂದು ಕೋಷ್ಟಕ ಬರೆಸಿದೆ. ಎರಡು ಚಿಪ್ಪುಗಳ ನಡುವಿನ ಪ್ರತಿಯೊಂದು ತಂತಿಗೂ ಒಂದು ಸಾಲು. ಎರಡೂ ಎಚ್ಚರವಾಗಿದ್ದಾಗ, ಇದು ರೀಸೆಟಿನಲ್ಲಿದ್ದಾಗ, ಅದು ರೀಸೆಟಿನಲ್ಲಿದ್ದಾಗ, ಇದಕ್ಕೆ ವಿದ್ಯುತ್ ಇಲ್ಲದಾಗ, ಅದಕ್ಕೆ ಇಲ್ಲದಾಗ ಆ ತಂತಿ ಮೇಲಿರುತ್ತದೋ ಕೆಳಗಿರುತ್ತದೋ ತೇಲುತ್ತದೋ, ಯಾರು ಹಿಡಿದಿದ್ದಾರೆ. ಬರೆಯಲು ಒಂದು ಮಧ್ಯಾಹ್ನ ಸಾಕು. ಮೊದಲ ಆವೃತ್ತಿಗೆ ಇದನ್ನು ಬರೆದಿದ್ದರೆ ಮೂರನೇ ಖಾನೆಯಲ್ಲೇ ಜಿಪಿಐಓ12 ಸಿಕ್ಕಿಬೀಳುತ್ತಿತ್ತು.

ಅದೇ ಕೋಷ್ಟಕ ಇನ್ನೊಂದನ್ನೂ ತೋರಿಸಿತು. ಈಗ ಎರಡು ಬೇರೆ ಬೇರೆ ಸಪ್ಲೈ ಇರುವುದರಿಂದ, ಇಎಸ್‌ಪಿ32ಗೆ ವಿದ್ಯುತ್ ಇಲ್ಲದೆ ಎಸ್‌ಟಿಎಂ32 ಮಾತ್ರ ನಡೆಯುವ ಸ್ಥಿತಿ ಸಾಧ್ಯ. ಆಗ ಮೇಲಿರುವ ತಂತಿಯ ಮೂಲಕ, ಸತ್ತ ಚಿಪ್ಪಿನ ರಕ್ಷಣಾ ಡಯೋಡ್ ದಾಟಿ ಕರೆಂಟ್ ಒಳಗೆ ನುಗ್ಗುತ್ತದೆ. ಚಿಪ್ ಪೂರ್ತಿ ಆಫ್ ಆಗದೆ, ಪೂರ್ತಿ ಆನ್ ಕೂಡ ಆಗದೆ ಉಳಿಯುತ್ತದೆ. ಅದಕ್ಕಾಗಿ ಪ್ರತಿ ತಂತಿಗೂ 1 ಕಿಲೋಓಮ್ ಸರಣಿಯಲ್ಲಿ ಹಾಕಿದ್ದಾರೆ. ತಂತಿಗೆ 3.3 ಮಿಲಿಆಂಪಿಯರಿಗಿಂತ ಹೆಚ್ಚು ಹೋಗಲಾರದು, 115200 ಬಾಡ್ ವೇಗಕ್ಕೂ ಏನೂ ತೊಂದರೆಯಿಲ್ಲ.

ಬೋಟುಗಳು ಆಗಸ್ಟಿನಲ್ಲಿ ಹೊರಡುವ ಮೊದಲೇ ಹೊಸ ಬೋರ್ಡ್ ಪ್ಲಾಂಟಿನಲ್ಲಿ ಕೂತಿತು. ಮೂರನೇ ಆವೃತ್ತಿಯಲ್ಲಿ ಆಕೆಗೆ ಇಎಸ್‌ಪಿ32ರ ಸಪ್ಲೈಗೇ ಒಂದು ಲೋಡ್ ಸ್ವಿಚ್ ಹಾಕಬೇಕೆಂದಿದೆ. ಇಎನ್ ಎಳೆದರೂ ಏಳದಿದ್ದರೆ ಎಸ್‌ಟಿಎಂ32 ಅದರ ವಿದ್ಯುತ್ತನ್ನೇ ತೆಗೆದು ಮತ್ತೆ ಕೊಡಬೇಕು. ಆಗ ಎಲ್ಲಾ ತಂತಿಗಳಿಂದ ಒಟ್ಟಿಗೆ ನುಗ್ಗುವ ಕರೆಂಟ್ ಇಎಸ್‌ಪಿ32ರ ಸಪ್ಲೈಯನ್ನು ಅರ್ಧದಲ್ಲೇ ಎತ್ತಿ ಹಿಡಿಯದ ಹಾಗೆ ನೋಡಿಕೊಳ್ಳಬೇಕು. ಪಿನ್ನುಗಳನ್ನು ಫರ್ಮ್‌ವೇರಿನಲ್ಲಿ ಕೈಬಿಡುವುದೋ, ಇಲ್ಲಾ ನಡುವೆ ಒಂದು ಬಫರ್ ಚಿಪ್ ಹಾಕುವುದೋ ಅನ್ನುವ ಲೆಕ್ಕ ಈಗ ನಡೆಯುತ್ತಿದೆ. ನನ್ನ ಒಲವು ಬಫರಿನ ಕಡೆಗಿದೆ, ಯಾಕೆಂದರೆ ಎಸ್‌ಟಿಎಂ32ರ ಫರ್ಮ್‌ವೇರ್ ದಾರಿತಪ್ಪಿದ ಹೊತ್ತಿನಲ್ಲೂ ಅದು ಕೆಲಸ ಮಾಡುತ್ತದೆ.